ಬೋರ್ಡಿನ ಕೊನೆಯ ಸಾಲು

ಕಳವಾ ಎಂಬ ಹೊರನಾಡಿನ ಊರಿನಲ್ಲಿ ನಾನು ಇತಿಹಾಸ ಕಲಿಸುವ ಕ್ರಿಶ್ಚಿಯನ್ ಶಾಲೆಯಲ್ಲಿ ಒಂದು ರೂಲ್ ಇದೆ. ಯಾವ ಪಾಠ ಮುಗಿದರೂ, ಅದರಲ್ಲಿ ದೇವರ ಯೋಜನೆ ಏನಿತ್ತು ಅಂತ ಬೋರ್ಡಿನ ಮೇಲೆ ಒಂದು ಸಾಲು ಬರೆಯಬೇಕು. ನಾನೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನೇ. ಆದರೂ ಕೆಲವು ಪಾಠಗಳಿಗೆ ಕೈ ಏಳುವುದಿಲ್ಲ.

ಮೊನ್ನೆ ಪ್ಲೇಗಿನ ಪಾಠವಿತ್ತು. 'ಈ ಸಾವುಗಳೂ ದೇವರ ಯೋಜನೆಯೊಳಗೇ ಇದ್ದವು' ಎಂದು ಬರೆದು ತಿರುಗಿದರೆ ಎದುರಿನ ಬೆಂಚಿನಲ್ಲಿ ಪ್ರಿಸಿಲ್ಲಾ. ಅವಳ ಅಪ್ಪ ಹೋದ ತಿಂಗಳು ತುಂಬಿದ ಲೋಕಲ್ ರೈಲಿನ ಬಾಗಿಲಿಂದ ಬಿದ್ದು ತೀರಿಕೊಂಡಿದ್ದರು. ನಾಚಿಕೆಯಾಗಿ ಆ ಸಾಲನ್ನು ಒರೆಸಿಬಿಟ್ಟೆ.

ಕ್ಲಾಸ್ ಬಿಟ್ಟ ಮೇಲೆ ಅವಳು ಬಂದು ಹಿಂದಿಯಲ್ಲಿ ಕೇಳಿದಳು. "ಸರ್, ವೋ ಲಾಸ್ಟ್ ಲೈನ್ ಕ್ಯೂಂ ಮಿಟಾಯಾ?"

"ಆ ಕೊನೆಯ ಸಾಲು ಬೇಡ ಮಗಾ, ಅದಕ್ಕೇ ಒರೆಸಿದೆ," ಎಂದೆ.

"ಬೇಕು ಸರ್," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ಸರ್ ಇವತ್ತು ಏನು ಬರೆದ್ರು ಅಂತ ಮಮ್ಮಿ ದಿನಾ ಕೇಳ್ತಾಳೆ. ಕೇಳಿದ ಮೇಲೇ ಅಡುಗೆಗೆ ಏಳ್ತಾಳೆ."

ಮತ್ತೆ ಬರೆದೆ. ನಂಬಿಕೆಯಿಂದಲ್ಲ, ಆದರೆ ಅಕ್ಷರ ದುಂಡಗಿರಲೆಂದು ನಿಧಾನವಾಗಿ ಬರೆದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಮಾರ್ಕೂ ಇಲ್ಲ. ಇಷ್ಟು ವರ್ಷ ನಾನು ಕಲಿಸಿದ ಇತಿಹಾಸದಲ್ಲಿ ಯಾರದೋ ಮನೆ ಮುಟ್ಟಿದ್ದು ಮಾತ್ರ ಅದೊಂದೇ ಸಾಲು.