ಅಣ್ಣನ ಕೋಟಿಗೆ ಮುತ್ತಿದ ಪತಂಗಗಳು

ನಮ್ಮ ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಲಂಗ ತೊಡುವ ವಯಸ್ಸಿನಿಂದ ಸೋದರಮಾವನ ಹೊಲಿಗೆ ಅಂಗಡಿಯಲ್ಲಿ ಕೋಟು ಕತ್ತರಿಸಿದವಳು. "ನನ್ನ ನಂತರ ಅಂಗಡಿ ನಿಂದೇ ಕಣೇ" ಎಂದು ಮಾವ ಹೇಳುತ್ತಲೇ ಇದ್ದ. ಆದರೆ ಅವನು ಕಣ್ಣು ಮುಚ್ಚಿದ್ದೇ ತಡ, ಸೂಜಿಗೆ ದಾರ ಪೋಣಿಸಲೂ ಬಾರದ ಅವಳ ಅಣ್ಣ ಬಂದು ಗಲ್ಲಾದ ಮೇಲೆ ಕೂತ. ಅವಳ ಮೇಜನ್ನು ಹಿಂದಿನ ಗೋದಾಮಿಗೆ ತಳ್ಳಿಸಿದ.

"ಗಿರಾಕಿಗಳ ಮುಂದೆ ನೀನ್ಯಾಕೆ? ಹೆಂಗಸು ಹೊಲ್ದಿದ್ದು ಅಂದ್ರೆ ರೇಟು ಬೀಳತ್ತೆ."

ಅವಳು ಗೋದಾಮಿನಲ್ಲೇ ಕೂತು ಹೊಲಿದಳು. ಒಳಗೊಳಗೇ ಕತ್ತಿ ಮಸೆಯುತ್ತಿದ್ದಳು.

ಬೇಸಿಗೆ ಶುರುವಿಗೆ ಅಣ್ಣ ಅಂಗಡಿಗೆ ಹೊಸ ಗಾಜು ಹಾಕಿಸಿ ಊರ ದೊಡ್ಡವರನ್ನೆಲ್ಲ ಒಂದು ಬೆಳಗ್ಗೆ ಅಂಗಡಿಗೆ ಕರೆದ. ಬೇಸಿಗೆಯಲ್ಲೂ ಬೆಳಗಿನ ಚಳಿ ಬಿಡದ ಊರು ನಮ್ಮದು. ಆ ಬೆಳಗಿಗೆಂದು ತನಗೊಂದು ಬೂದು ಉಣ್ಣೆ ಕೋಟು ಹೊಲಿಯಲು ಅವಳಿಗೇ ಹೇಳಿದ. "ನೋಡಿದವ್ರು ಬಾಯಿ ಬಿಡ್ಬೇಕು!"

"ಬಿಡ್ತಾರೆ, ಬಿಡಣ್ಣ," ಎಂದಳು.

ಗೋದಾಮಿನ ಹಿಂದಿನ ದಿಬ್ಬದಲ್ಲಿ ಹಳದಿ ಹೂವಿನ ಪೊದೆಗಳಿದ್ದವು. ಆ ದಿನಗಳಲ್ಲಿ ಅವುಗಳ ಕಡ್ಡಿಗೆ ಪುಟ್ಟ ಪತಂಗದ ಗೂಡುಗಳು ಅಂಟಿರುತ್ತಿದ್ದವು. ಹೊರಬರುವ ಹೆಣ್ಣಿಗೆ ರೆಕ್ಕೆಯೇ ಇಲ್ಲ. ನೋಡಿದರೆ ದಪ್ಪ ಹುಳು. ಗೂಡು ಬಿಟ್ಟು ಎಲ್ಲೂ ಹೋಗದೆ ಕೂತಲ್ಲೇ ನಮ್ಮ ಮೂಗಿಗೆ ತಿಳಿಯದ ವಾಸನೆ ಬೀರುತ್ತದೆ. ಬಿಸಿಲೇರುತ್ತಲೇ ಕಪ್ಪು ರೆಕ್ಕೆಯ ಗಂಡುಗಳು ಎಲ್ಲೆಲ್ಲಿಂದಲೋ ಬಂದು ಮುತ್ತುತ್ತವೆ. ಹಿಂಬಾಗಿಲು ತೆರೆದಾಗಲೆಲ್ಲ ಇದು ಅವಳ ಕಣ್ಣಿಗೆ ಬೀಳುತ್ತಿತ್ತು.

ಹಿಂದಿನ ಸಂಜೆ ಹೆಣ್ಣು ಅಂಟಿ ಕೂತಿದ್ದ ಗೂಡುಗಳನ್ನು ಒಂದು ಹಿಡಿ ಆರಿಸಿ, ತೆಳು ಜಾಲರಿ ಬಟ್ಟೆಯಲ್ಲಿ ಕಟ್ಟಿ, ಕಾಲರಿನ ಅಡಿಗಿಟ್ಟು ಹೊಲಿದಳು. ಬೆಳಗ್ಗೆ ಕೋಟನ್ನು ಕೈಯಾರೆ ಅಣ್ಣನಿಗೆ ತೊಡಿಸಿ ಹೆಗಲು ಸವರಿದಳು.

ಅಣ್ಣ ಅಂಗಡಿಯೆದುರು ನಿಂತು, "ನಮ್ಮ ಉಣ್ಣೆ ಅಂದ್ರೆ..." ಎನ್ನುವಷ್ಟರಲ್ಲಿ ಒಂದು ಪತಂಗ ಅವನ ಕಿವಿಯ ಮೇಲೆ ಕೂತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಕತ್ತೆಲ್ಲ ಕಪ್ಪಾಯಿತು. ಓಡಿಸಿದಷ್ಟೂ ಬಂದವು, ಅವನು ಕುಣಿದಾಡಿದ.

"ಅಯ್ಯೋ, ಇವ್ರ ಬಟ್ಟೆಗೆಲ್ಲ ಹುಳ ಹಿಡಿದಿದೆ!" ಎಂದು ಡಾಕ್ಟರಮ್ಮ ಹಿಂದೆ ಸರಿದರು. ಯಾರೋ ಕಿಸಕ್ಕೆಂದರು. ಆರ್ಡರ್ ಕೊಡಲು ಬಂದವರು ಮೈ ಕೊಡವಿಕೊಳ್ಳುತ್ತ ಮನೆಗೆ ನಡೆದರು. ಅಂಗಡಿಯೊಳಗಿನ ಕಿಟಕಿಯಿಂದ ನೋಡುತ್ತಿದ್ದ ಅವಳಿಗೆ ಹೊಟ್ಟೆ ತಣ್ಣಗಾಯಿತು.

ಸಂಜೆ ಅಣ್ಣ ಹರಿದ ಕಾಲರು ಹಿಡಿದು ಗೋದಾಮಿಗೆ ನುಗ್ಗಿದ. "ಇದು ನಿನ್ನ ಕೆಲ್ಸಾನಾ?"

"ಹೊಲಿಗೆ ನೋಡಿದ್ರೆ ಗೊತ್ತಾಗಲ್ವಾ? ಇಷ್ಟು ಸಣ್ಣ ಹೊಲಿಗೆ ಇಲ್ಲಿ ಇನ್ಯಾರಿಗೆ ಬರತ್ತೆ?"

"ಒಡಹುಟ್ಟಿದವ್ರ ಹೊಟ್ಟೆ ಮೇಲೆ ಹೊಡೆದ್ಯಲ್ಲೇ!" ಎಂದು ಅವನ ಹಿಂದೆಯೇ ಬಂದ ಅತ್ತಿಗೆ ಕಿರುಚಿದಳು.

"ಅಣ್ಣನ ಹತ್ರಾನೇ ಕಲ್ತಿದ್ದು, ಅತ್ತಿಗೆ."

ಅಂದೇ ಅವಳನ್ನು ಹೊರಗೆ ಹಾಕಿದರು. ಹುಳದ ಅಂಗಡಿ ಎಂಬ ಹೆಸರು ಮಾತ್ರ ಹೋಗಲಿಲ್ಲ. ವರ್ಷ ತುಂಬುವುದರೊಳಗೆ ಬಾಗಿಲು ಮುಚ್ಚಿತು. ಅವಳು ಬಾಡಿಗೆ ಮನೆಯ ಮುಂಕೋಣೆಯಲ್ಲಿ, ಬೀದಿಗೆ ಮುಖ ಮಾಡಿ ಮಿಷನ್ ಇಟ್ಟಳು. ಅಣ್ಣ ಈಗ ಬೇರೆಯವರ ಅಂಗಡಿಯಲ್ಲಿ ಗಿರಾಕಿಗಳಿಗೆ ಬಟ್ಟೆಯ ಥಾನು ಬಿಚ್ಚಿ ತೋರಿಸುತ್ತಾನೆ. ದಿನವೂ ತಲೆ ತಗ್ಗಿಸಿ ಅವಳ ಮನೆ ಮುಂದೆಯೇ ಹೋಗಬೇಕು. ಅವನು ತಿರುವು ದಾಟುವವರೆಗೂ ಅವಳು ಮಿಷನ್ ನಿಲ್ಲಿಸಿ ನೋಡುತ್ತಾಳೆ.