ಪಾಕಿಜೆಗೂ ಗಾಳಿಗೂ ಇದ್ದ ಹಗೆ

ತುರ್ಕಿಯ ಬುರ್ಸಾ ಊರಿನಲ್ಲಿ ಜನ ಸಾಯುವುದಕ್ಕೆ ನೂರು ಕಾರಣಗಳಿರಬಹುದು. ಪಾಕಿಜೆಯನ್ನು ಕೇಳಿದರೆ ಒಂದೇ ಕಾರಣ: ಎದುರುಬದುರು ತೆರೆದ ಎರಡು ಕಿಟಕಿಗಳ ನಡುವೆ ಹಾಯುವ ಗಾಳಿ. ಗಂಡ ಹೃದಯ ನಿಂತು ಹೋದ ಎಂದು ವೈದ್ಯರು ಬರೆದುಕೊಟ್ಟರು. ಅವಳು ಒಪ್ಪಲಿಲ್ಲ. ಆ ದಿನ ಬೆವೆತ ಅಂಗಿಯಲ್ಲೇ ಚಹಾದಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದನಂತೆ. ಅಲ್ಲಿಗೆ ಅವಳ ಲೆಕ್ಕ ಮುಗಿಯಿತು.

ಟವೆಲ್ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ನಿಂತೇ ಅವಳ ಪ್ರಾಯ ಕಳೆದಿತ್ತು. ನಿವೃತ್ತಿಯ ಮೇಲೆ ಕೈ ಸುಮ್ಮನಿರಲಿಲ್ಲ. ಹಳೆಯ ರಜಾಯಿ ಬಿಚ್ಚಿ, ಹಾವಿನಂಥ ಉದ್ದ ದಿಂಬುಗಳನ್ನು ಹೊಲಿದು, ಬಾಗಿಲ ಸಂದಿಗೆ ಇಡಿರೆಂದು ಕಟ್ಟಡದವರಿಗೆಲ್ಲ ಹಂಚಿದಳು. ಬೇಡವೆಂದವರ ಮನೆಯಲ್ಲೂ ಒಂದೊಂದು ಇದೆ.

ಆ ಚಳಿಗಾಲ ಮಗಳು ಗುಲ್ದೆನ್‌ಗೆ ಗಂಡುಮಗುವಾಯಿತು. ಹೆರಿಗೆಯಾದ ಮೇಲೆ ನಲವತ್ತು ದಿನ ತಾಯಿ ಮಗು ಬೆಚ್ಚಗಿರಬೇಕು, ತವರಲ್ಲೇ ಇರಬೇಕು. ಪಾಕಿಜೆ ಲವಂಗ ಚಕ್ಕೆ ಹಾಕಿ ಕೆಂಪು ಶರಬತ್ತು ಕಾಸಿಟ್ಟಳು, ಬಾಣಂತಿಯ ತಲೆಗೆ ಕಟ್ಟುವ ಕೆಂಪು ಪಟ್ಟಿಗೆ ಇಸ್ತ್ರಿ ಹಾಕಿದಳು. ಆಮೇಲೆ ಅಂಗೈ ಒದ್ದೆ ಮಾಡಿಕೊಂಡು ಗೋಡೆ ಗೋಡೆ ತಡವುತ್ತಾ ಮನೆಯೆಲ್ಲ ಸುತ್ತಿದಳು. ಗಾಳಿ ಎಲ್ಲಿಂದ ಬರುತ್ತದೆಂದು ಒದ್ದೆ ಕೈಯಷ್ಟು ಚೆನ್ನಾಗಿ ಬೇರೇನೂ ಹೇಳುವುದಿಲ್ಲ.

ಎರಡು ಕಡೆ ಕೈ ತಣ್ಣಗಾಯಿತು. ಒಂದು, ಅಡುಗೆಮನೆಯಲ್ಲಿ ಸೂರಿನ ಹತ್ತಿರ ಇದ್ದ ಜಾಲರಿಯ ಕಂಡಿ. ಇನ್ನೊಂದು, ಬಾಲ್ಕನಿಯಲ್ಲಿ. ಅಡುಗೆಮನೆಯ ಗೋಡೆಗೆ ತೂಗುಹಾಕಿದ, ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸ್ ಬಾಯ್ಲರಿನ ಕೊಳವೆ ಗೋಡೆ ತೂರಿ ಅಲ್ಲಿಗೆ ಬರುತ್ತದೆ. ಕೊಳವೆಯೊಳಗೊಂದು ಕೊಳವೆ. ನಡುವಿನದರಿಂದ ಬಿಸಿ ಹೊಗೆ ಹೊರಗೆ ಬರುತ್ತಿತ್ತು. ಸುತ್ತಲಿನ ಬಳೆಯಲ್ಲಿ ಮಾತ್ರ ಗಾಳಿ ಒಳಗೆ ನುಗ್ಗುವುದು ಅವಳ ಕೈಗೆ ಚೆನ್ನಾಗಿ ತಿಳಿಯಿತು. ಕಳ್ಳ ಸಿಕ್ಕಿಬಿದ್ದಂತಾಯಿತು. ಕಂಡಿಗೆ ಹತ್ತಿಯ ಮೆತ್ತೆ ಹೊಲಿದು ತುರುಕಿದಳು. ಬಾಯ್ಲರು ಆರಿಸಿ, ಕೊಳವೆ ತಣ್ಣಗಾದ ಮೇಲೆ, ನಡುವಿನ ಹೊಗೆಬಾಯಿ ಬಿಟ್ಟು ಸುತ್ತಲಿನ ಬಳೆಗೆ ಸರಿಯಾಗಿ ಕೂರುವಂಥ ದಪ್ಪ ಬಟ್ಟೆಯ ಕೊರಳಪಟ್ಟಿ ಹೊಲಿದು ತೊಡಿಸಿದಳು.

ಮಗಳು ಆಸ್ಪತ್ರೆಯಿಂದ ಬರುವ ಬೆಳಿಗ್ಗೆ ಬಾಯ್ಲರು ಹತ್ತಲಿಲ್ಲ. ಒಳಗೆ ಫ್ಯಾನು ಗುಂಯ್ಗುಟ್ಟಿತು. ಕೆಂಪು ದೀಪ ಮಿಣುಕಿತು. ಉರಿ ಬರಲಿಲ್ಲ. ಅದರ ಬಿಸಿನೀರು ಹರಿಯುವ, ಕಿಟಕಿಗಳ ಕೆಳಗಿನ ರೇಡಿಯೇಟರುಗಳು ಕಲ್ಲಿನಂತೆ ತಣ್ಣಗಿದ್ದವು. ತಾನು ಹೊಲಿದದ್ದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಅವಳಿಗೆ ಹೊಳೆಯಲಿಲ್ಲ.

ತಂಗಿ ಮೆಬ್ರುರೆಯ ಗಂಡ ಕಾಮ್ರಾನ್ ಸ್ಕ್ರೂಡ್ರೈವರ್ ಹಿಡಿದೇ ಬಂದ. ಬಸ್ ಡಿಪೋದಲ್ಲಿ ವೈರಿಂಗ್ ಮಾಡಿ ನಿವೃತ್ತನಾದವನು. ಕೆಟ್ಟದ್ದು ಏನೇ ಇರಲಿ, ಅವನಿಗೆ ಅದು ಬಸ್ಸು.

"ಗಾಳಿ ಸ್ವಿಚ್ಚಿನ ತಕರಾರು ಅಕ್ಕಾ, ಇನ್ನೇನಿಲ್ಲ. ಫ್ಯಾನ್ ತಿರುಗ್ತಿರೋದು ಕಿವಿಗೇ ಕೇಳ್ತಿದೆ. ಒಳಗಿರೋ ಪುಟ್ಟ ಡಬ್ಬಿ ಮಾತ್ರ ಗಾಳಿ ಇಲ್ಲ ಅಂತಿದೆ. ಸುಳ್ಳುಬುರುಕ. ಅದರ ಎರಡು ವೈರು ಒಂದಕ್ಕೊಂದು ಸೇರಿಸಿಬಿಟ್ರೆ ಅವರು ಬರೋ ಹೊತ್ತಿಗೆ ಮನೆ ಬೆಚ್ಚಗಿರುತ್ತೆ."

"ಆ ಡಬ್ಬಿ ಯಾತಕ್ಕೆ ಇಟ್ಟಿದಾರೆ?"

"ಗಾಳಿ ಆಡ್ತಿದೆಯಾ ಅಂತ ನೋಡೋಕೆ. ಆಡದಿದ್ರೆ ಉರಿ ಹತ್ತಿಸಲ್ಲ."

"ಆಡದೇ ಇದ್ದಾಗ ಹತ್ತಿಸಿಬಿಟ್ರೆ?"

ಕಾಮ್ರಾನ್ ಕತ್ತು ಕೆರೆದುಕೊಂಡ. "ಹೊಗೆ ಒಳಗೆ ತಿರುಗಬಹುದು. ಬಹುದು ಅಂದೆ ಅಷ್ಟೆ. ಕಿಟಕಿ ಒಂಚೂರು ತೆಗೆದಿಟ್ರೆ ಆಯ್ತು."

"ಬಾಣಂತಿ ಮನೇಲಿ ಕಿಟಕಿ ತೆಗೀತಾನಂತೆ! ನಿನ್ನ ತಲೆ ಮೊದಲು ರಿಪೇರಿ ಮಾಡಿಸ್ಕೋ."

ಹಾಗೆಂದಳೇ ಹೊರತು, ಅವಳಿಗೆ ಆಸೆಯಾಗದೆ ಇರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಕಲಿತದ್ದು ಅಡ್ಡ ಬಂತು. ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ಹೆಚ್ಚು ನೇಯುವ ಆತುರಕ್ಕೆ ಕೆಲವರು ಆ ನಿಲ್ಲಿಸುವ ತಂತಿಗೇ ಚಿಂದಿ ಕಟ್ಟಿ ಓಡಿಸುತ್ತಿದ್ದರು. ಮಗ್ಗ ಓಡುತ್ತಿತ್ತು. ಇಡೀ ಸುರುಳಿ ಬಟ್ಟೆ ಹರಕಾಗಿ ಬರುತ್ತಿತ್ತು. ಪಾಕಿಜೆ ಒಮ್ಮೆಯೂ ಕಟ್ಟಿದವಳಲ್ಲ. ಮಗ್ಗ ನಿಂತರೆ ಬಗ್ಗಿ ಕಡಿದ ನೂಲು ಹುಡುಕುವವಳು.

"ನಿಂತ ಮಗ್ಗ ಸುಳ್ಳು ಹೇಳಲ್ಲ ಕಾಮ್ರಾನ್. ಮುಟ್ಟಬೇಡ. ಕಂಪನಿಯವನೇ ಬರಲಿ."

"ಅವನು ಬರೋದು ಮಧ್ಯಾಹ್ನದ ಮೇಲೆ. ಅಲ್ಲೀವರೆಗೆ ಮಗು ನಮ್ಮನೇಲಿರಬೇಕಾಗುತ್ತೆ. ಮೆಬ್ರುರೆ ಬಾಯಿ ಗೊತ್ತಲ್ಲ? ಅಕ್ಕನ ಮೊಮ್ಮಗ ಮೊದಲು ದಾಟಿದ್ದು ನಮ್ಮನೆ ಹೊಸಿಲು ಅಂತ ಸಾಯೋವರೆಗೂ ಹಾಡ್ತಾಳೆ."

ಮಾತು ನಾಟಿತು. ಅಕ್ಕತಂಗಿಯರ ನಡುವೆ ಬಕ್ಲಾವ ಸಿಹಿಯ ಪದರ ಯಾರದು ತೆಳ್ಳಗೆ ಎಂಬುದಕ್ಕೂ ವರ್ಷಗಟ್ಟಲೆ ಮಾತು ನಡೆದಿದೆ. ಪಾಕಿಜೆ ಗ್ಯಾಸಿನ ವಾಲ್ವು ತಿರುಗಿಸಿ ಮುಚ್ಚಿದಳು. ಮಗಳಿಗೆ ಫೋನು ಮಾಡಿ, ಚಿಕ್ಕಮ್ಮನ ಮನೆಗೆ ಹೋಗಿ ಎಂದಳು. ಕಾರಣ ಹೇಳಿದಳು.

ಕಂಪನಿಯ ರಿಪೇರಿ ಮೇಸ್ತ್ರಿ ತುಂಜಾಯ್ ಉಸ್ತಾ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ. ಮನೆಯಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ ಬಂದಿತ್ತೇ ಎಂದು ಕೇಳಿದ. ಇಲ್ಲವೆಂದಳು. ಅವನು ಕಿಟಕಿ ತೆರೆದ. ಅವಳು ತಲೆವಸ್ತ್ರ ಬಿಗಿದುಕೊಂಡಳು. ಬಾಯ್ಲರಿನ ವಿದ್ಯುತ್ತು ಆರಿಸಿ, ಅದರ ಮುಚ್ಚಳಕ್ಕೆ ಕೈ ಹಚ್ಚದೆ ಅವನು ಮೊದಲು ಬಾಲ್ಕನಿಗೆ ಹೋದ. ಬರುವಾಗ ಕೈಯಲ್ಲಿ ಕೊರಳಪಟ್ಟಿ ಇತ್ತು.

"ಇದು ಯಾರ ಹೊಲಿಗೆ ಅಮ್ಮಾ?"

"ನಂದೇ. ಯಾಕೆ?"

"ಅಚ್ಚುಕಟ್ಟಾಗಿದೆ. ಒಂದೆಳೆ ಗಾಳಿ ಒಳಗೆ ಬಿಟ್ಟಿಲ್ಲ."

ಕಾಮ್ರಾನ್ ಬಿದ್ದು ಬಿದ್ದು ನಕ್ಕ. ಪಾಕಿಜೆ ಅವನ ಕಡೆ ನೋಡಲಿಲ್ಲ. "ಹೊಗೆ ಹೋಗೋ ಬಾಯಿ ಬಿಟ್ಟೇ ಹೊಲಿದಿದೀನಲ್ಲಪ್ಪಾ."

"ಉಸಿರು ತಗೋಬೇಡಿ, ಬರೀ ಊದ್ತಾ ಇರಿ ಅಂದ್ರೆ ಎಷ್ಟು ಹೊತ್ತು ಊದ್ತೀರ? ಉರಿಗೆ ಬೇಕಾದ ಗಾಳಿ ಈ ಸುತ್ತಲಿನ ಬಳೇಲೇ ಬರೋದು. ನಿಮ್ಮ ಮನೆಯೊಳಗೆ ಬರಲ್ಲ, ಬಾಯ್ಲರ್ ಹೊಟ್ಟೆಗೆ ಹೋಗುತ್ತೆ. ಅದು ಸಿಗಲಿಲ್ಲ, ಸ್ವಿಚ್ಚು ನಿಲ್ಲಿಸ್ತು."

"ಅದರ ವೈರು ಸೇರಿಸಿದ್ದಿದ್ರೆ?" ಕಾಮ್ರಾನ್ ಸುಮ್ಮನೆ ಕೇಳುವವನಂತೆ ಕೇಳಿದ.

"ಗಾಳಿ ಸಾಲದೆ ಉರಿದ್ರೆ ಬರೋದು ವಾಸನೆ ಇಲ್ಲದ ವಿಷ ಸ್ವಾಮಿ. ಮಲಗಿದ್ದವರು ಏಳ್ತಿರಲಿಲ್ಲ."

ಕಾಮ್ರಾನ್ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದ. ಕಡಿದ ನೂಲು ತನ್ನ ಕೈಯದೇ ಎಂಬುದು ಪಾಕಿಜೆಗೆ ಅರಗಲು ಸ್ವಲ್ಪ ಹೊತ್ತು ಹಿಡಿಯಿತು.

ಉಸ್ತಾ ಮುಚ್ಚಳ ತೆಗೆದು ಸ್ವಿಚ್ಚಿನ ರಬ್ಬರ್ ನಳಿಕೆಯಲ್ಲಿ ನೀರು ನಿಂತಿಲ್ಲವೆಂದು ನೋಡಿದ, ಮುಚ್ಚಳ ಬಿಗಿಮಾಡಿ, ಗ್ಯಾಸು ವಿದ್ಯುತ್ತು ಕೊಟ್ಟು ಬಾಯ್ಲರು ಹಚ್ಚಿದ. ಉರಿ ಹತ್ತಿತು. ಅಳೆಯುವ ಯಂತ್ರವನ್ನು ಕೊಳವೆಗೆ ಹಿಡಿದ, ಕೋಣೆಯ ಗಾಳಿಗೂ ಹಿಡಿದ. ಎಲ್ಲ ಸರಿ ಇತ್ತು. ಆಮೇಲೆ ಸೂರಿನ ಕಡೆ ಬೊಟ್ಟು ಮಾಡಿದ.

"ಆ ಕಂಡಿಯ ಮೆತ್ತೇನೂ ತೆಗೀಬೇಕು."

"ಅದಕ್ಕೂ ಬಾಯ್ಲರಿಗೂ ಏನು?"

"ಬಾಯ್ಲರಿಗಲ್ಲ. ಒಲೆ ಇದೆಯಲ್ಲ, ಗ್ಯಾಸ್ ಸೋರಿದ್ರೆ ಹೊರಗೆ ಹೋಗೋ ದಾರಿ ಅದು. ಮುಚ್ಚಿದ್ರೆ ನಾನು ಗ್ಯಾಸ್ ತೆರೆದಿಟ್ಟು ಹೋಗೋ ಹಾಗಿಲ್ಲ."

"ಗಾಳಿ ನೆಟ್ಟಗೆ ಪಡಸಾಲೆಗೆ ಬರುತ್ತಪ್ಪಾ. ಅಲ್ಲೇ ಮಗು ಮಲಗೋದು."

"ಅಡುಗೆಮನೆ ಬಾಗಿಲು ಹಾಕ್ಕೊಳ್ಳಿ."

ಬಾಗಿಲು ಇರಲಿಲ್ಲ. ದೊಡ್ಡ ಫ್ರಿಜ್ಜು ತಂದ ವರ್ಷ ಗಂಡ ಅದನ್ನು ಕಿತ್ತು ನೆಲಮಾಳಿಗೆಗೆ ಹಾಕಿದ್ದ, ಅಲ್ಲಿ ಅದು ಗೆದ್ದಲಿಗಾಯಿತು. ಪಾಕಿಜೆ ಜಾಲರಿಯನ್ನು ನೋಡಿದಳು, ಪಡಸಾಲೆಯ ತೊಟ್ಟಿಲನ್ನು ನೋಡಿದಳು. ಬೆಳಿಗ್ಗೆ ಕಾಮ್ರಾನ್‌ಗೆ ತಾನೇ ಹೇಳಿದ ನ್ಯಾಯ ಇದಕ್ಕೂ ಸಲ್ಲುತ್ತದೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಸ್ಟೂಲು ಎಳೆದು, ಮೇಲೆ ಹತ್ತಿ, ಮೆತ್ತೆಯನ್ನು ಕಿತ್ತಳು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಉಸ್ತಾ ಬೇಡ ಬೇಡವೆಂದರೂ ಶರಬತ್ತು ಕುಡಿಸಿಯೇ ಕಳಿಸಿದಳು.

ಸಂಜೆಗೆ ಮನೆ ಬೆಚ್ಚಗಾಗಿತ್ತು. ಕಾಮ್ರಾನ್ ಮಗುವನ್ನು ಕರೆತಂದ, ಹಿಂದೆ ಗುಲ್ದೆನ್, ಅವಳ ಹಿಂದೆ ಮೆಬ್ರುರೆ. "ನಮ್ಮನೇಲಿ ಒಂದು ಸಲಾನೂ ಅಳಲಿಲ್ಲ ನೋಡಕ್ಕಾ," ಎಂದು ಮೆಬ್ರುರೆ ಬಾಗಿಲಿಂದಲೇ ಶುರುಮಾಡಿದಳು.

"ನಿನ್ನ ಮಾತಿನ ಮಧ್ಯೆ ಅದಕ್ಕೆ ಬಾಯಿ ಬಿಡೋಕೆ ಸಂದಿ ಎಲ್ಲಿತ್ತು?" ಎಂದಳು ಪಾಕಿಜೆ. ಮಗುವಿನ ಹಣೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಎಲ್ಲರೂ ತೊಟ್ಟಿಲ ಸುತ್ತ ನೆರೆದಾಗ ಅವಳು ಅಡುಗೆಮನೆಯ ಬಾಗಿಲಿಲ್ಲದ ಬಾಗಿಲಿಗೆ ಅಗಲ ಬೆನ್ನಿನ ಕುರ್ಚಿ ಎಳೆದುಕೊಂಡು, ಕಂಡಿಗೆ ಬೆನ್ನು ಕೊಟ್ಟು, ಶಾಲನ್ನು ಎರಡೂ ಕಡೆ ಹರಡಿ ಕೂತಳು.

"ಅಮ್ಮಾ, ಇಲ್ಲಿ ಬಂದು ಕೂತ್ಕೋ," ಎಂದಳು ಗುಲ್ದೆನ್. "ಅಲ್ಲಿ ಗಾಳಿ ಬರುತ್ತೆ."

"ಗೊತ್ತು. ನೀನು ಮಗು ನೋಡ್ಕೋ," ಎಂದಳು ಪಾಕಿಜೆ.