ಮರಕ್ಕೊಂದು ಮುಡುಪು

ಚಿನ್ನದ ಗಣಿಯ ಕೂಲಿಮನೆಗಳ ಸಾಲು ಉರಿಗಾಂ ಲೈನು; ಅಲ್ಲಿಯ ಸೀನಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಎದುರಿಗಿದ್ದವರೇ ಪಾಪ ಎಂದು ಮಾತು ಬದಲಾಯಿಸುತ್ತಿದ್ದರು. ಅಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ. ಹಾಳಾದ್ದು, ಅದನ್ನು ಮಾತ್ರ ಇಡೀ ಲೈನು ನಂಬಿಬಿಟ್ಟಿತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಸೀನಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು. ಹೊಲ ಅಣ್ಣನ ಪಾಲಿಗೆ ಬಿಟ್ಟು, ಮದುವೆಯಾದ ವರ್ಷವೇ ಗಣಿಗೆ ಬಂದು ಸೇರಿದ್ದ. ಅವನದು ಟಿಂಬರ್ ಗ್ಯಾಂಗು. ಪಾತಾಳದಲ್ಲಿ ಬಂಡೆ ಒಡೆದು ಚಿನ್ನ ತೆಗೆಯುವವರ ತಲೆಯ ಮೇಲೆ ಮೇಲಿನ ಬಂಡೆ ಕುಸಿಯದ ಹಾಗೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸುವ ಕೆಲಸ. ಕಬ್ಬಿಣ ಗಟ್ಟಿಯಲ್ಲವೇ, ಮರ ಯಾಕೆ ಎಂದು ಹೊಸಬರು ಕೇಳುತ್ತಿದ್ದರು. ಕಬ್ಬಿಣ ಮೂಗಿ, ಮರಕ್ಕೆ ಬಾಯಿದೆ ಎನ್ನುತ್ತಿದ್ದ ಸೀನಪ್ಪ. ಭಾರ ತಡೆಯಲಾರದೆ ಮುರಿಯುವ ಮುಂಚೆ ಮರ ಕಿರ್ ಎಂದು ನರಳುತ್ತದೆ. ಆ ನರಳಿಕೆ ಕಿವಿಗೆ ಬಿದ್ದವನು ಓಡಿ ಬದುಕುತ್ತಾನೆ. ಕೆಳಗಿನ ಜನ ಅದಕ್ಕೆ ‘ಮರ ಮಾತಾಡಿತು’ ಅನ್ನುತ್ತಿದ್ದರು.

ಆ ವರ್ಷ ಗೌರಿಹಬ್ಬದ ಹಿಂದುಮುಂದಿನಲ್ಲಿ ಮರ ಸೀನಪ್ಪನ ಹತ್ತಿರ ಮಾತಾಡಿತು. ಅವನು ಹಾರಿಕೊಂಡ, ಬಂಡೆ ಕುಸಿದು ಅವನು ನಿಂತಿದ್ದ ಜಾಗವೆಲ್ಲ ಕಲ್ಲಾಯಿತು. ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಸಂಗು, ಅಂದರೆ ಗಣಿಯ ಸೈರನ್ನು, ಕೂಗಿತು. ಗಣಿಯ ಸಂಗು ಪಾಳಿ ಬದಲಾಗುವಾಗ ಕೂಗಿದರೆ ಅಡುಗೆಗೆ ಹೊತ್ತಾಯಿತೆಂದು ಅರ್ಥ. ನಡುವೆ ಕೂಗಿದರೆ ಯಾರದೋ ಮನೆಗೆ ಕತ್ತಲೆ ಎಂದು ಅರ್ಥ. ಹೆಂಗಸರೆಲ್ಲ ಕೈಲಿದ್ದದ್ದನ್ನು ಬಿಸಾಕಿ ಓಡಿದರು. ಸೀನಪ್ಪನ ಹೆಂಡತಿ ಕದಿರಮ್ಮ ಮುದ್ದೆ ತಿರುವುತ್ತಿದ್ದ ಕೋಲು ಹಿಡಿದುಕೊಂಡೇ ಓಡಿದಳು. ಗೇಟಿನ ಹತ್ತಿರ ಗಂಡ ಕೆಮ್ಮುತ್ತಾ ನಡೆದುಬರುವುದು ಕಂಡಾಗ ಅದೇ ಕೋಲಿನಿಂದ ಅವನಿಗೆ ಎರಡು ಬಾರಿಸಿದಳು, ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

ಅವತ್ತಿನಿಂದ ಅವಳಿಗೆ ಸಂಗಿನ ಭಯ ಹತ್ತಿತು. ಉಣ್ಣುವಾಗಲೂ ಒಂದು ಕಿವಿ ಗಣಿಯ ಕಡೆಗೇ. ಪಾತ್ರೆ ಬಿದ್ದರೆ ಬೆಚ್ಚುವಳು, ಮಾರಿಕುಪ್ಪಂ ರೈಲು ಸಿಳ್ಳು ಹಾಕಿದರೆ ಬೆಚ್ಚುವಳು. ಮಗಳನ್ನು ಮುಳಬಾಗಿಲಿನ ಕಡೆ ಕೊಟ್ಟಾಗಿತ್ತು, ಮನೆಯಲ್ಲಿ ಇವರಿಬ್ಬರೇ. ಒಂದು ಸಂಜೆ ಅವಳು ಗಂಡನ ತಟ್ಟೆಗೆ ಹುರುಳಿ ಸಾರು ಬಿಡುತ್ತಾ ಹೇಳಿದಳು:

“ನಂಗೆ ಸೀರೆ ಬ್ಯಾಡ, ವಾಲೆ ಬ್ಯಾಡ. ಈ ಸಂಗು ಕೇಳ್ದಿರೋ ಊರ್ಗೆ ಒಂದು ನಾಕು ದಿನ ಕರ್ಕೊಂಡೋಗು. ಕಣ್ಣು ತುಂಬಾ ನಿದ್ದೆ ಮಾಡ್ಬೇಕು.”

ಮದುವೆಯಾದ ಹೊಸತರಲ್ಲಿ ಅವಳು ಗಂಡನನ್ನು ‘ನೀವು’ ಅನ್ನುತ್ತಿದ್ದಳು. ಸಂಸಾರ ಮಾಡಿ ಮಾಡಿ ಅದು ಸವೆದು ‘ನೀನು’ ಆಗಿತ್ತು. ನಾಲ್ಕು ಜನರ ಎದುರು ಮಾತ್ರ ಹಳೆಯ ‘ನೀವು’ ಹೊರಗೆ ಬರುತ್ತಿತ್ತು, ಪೆಟ್ಟಿಗೆಯಲ್ಲಿಟ್ಟ ಧಾರೆ ಸೀರೆಯ ಹಾಗೆ.

ಸೀನಪ್ಪ ಯೋಚಿಸಿದ. ತವರಿಗೆ ಕಳಿಸೋಣವೆಂದರೆ, ಗಂಡನನ್ನು ಇಲ್ಲಿ ಬಿಟ್ಟುಹೋದವಳಿಗೆ ಅಲ್ಲಿ ನಿದ್ದೆ ಎಲ್ಲಿ ಬಂದೀತು! ಜೊತೆಯಲ್ಲೇ ಹೋಗಬೇಕು, ದೂರ ಹೋಗಬೇಕು. ಆಗ ನೆನಪಿಗೆ ಬಂದವನು ಮರದ ಡಿಪೋದ ಕಾಕಾ. ಮಲಬಾರಿನವನು, ಗಣಿಗೆ ಬರುವ ದಿಮ್ಮಿಗಳ ಜೊತೆ ಬಂದು ಇಲ್ಲೇ ಉಳಿದವನು. ಅವನ ಊರು ಪುಳಿಕಡವು. ಹಿಂದೆ ದಟ್ಟ ಕಾಡು, ಮುಂದೆ ಕಡಲು, ನಡುವೆ ಒಂದು ಹೊಳೆ. ಕಾಡಿನಲ್ಲಿ ಕಡಿದ ಮರ ಹೊಳೆಯಲ್ಲಿ ತೇಲಿ ಬಂದು, ರೈಲು ಹತ್ತಿ ಗಣಿಗೆ ಬರುತ್ತಿತ್ತು.

“ನಮ್ಮ ಅಕ್ಕನ ಮನೆ ಕಡಲ ದಂಡೆಯಲ್ಲೇ ಇದೆ. ಹೊರಗಿನ ಚಾವಡಿ ಬಿಟ್ಟುಕೊಡ್ತಾರೆ, ನಿಮ್ಮ ಅಡುಗೆ ನೀವು ಮಾಡ್ಕೊಳ್ಳಿ,” ಎಂದ ಕಾಕಾ.

“ಅಲ್ಲಿ ಸಂಗು ಐತಾ?”

“ಸಂಗಾ? ನಮ್ಮ ಕಡೆ ಸಂಗು ಅಂದ್ರೆ ಶಂಖ. ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುತ್ತೆ, ಊದೋರು ಯಾರೂ ಇಲ್ಲ,” ಎಂದು ಕಾಕಾ ನಕ್ಕ.

ಸರಿ, ಮನೆಯಲ್ಲಿ ತಯಾರಿ ಶುರುವಾಯಿತು. ಕಾಕಾ ಹೇಳಿದ್ದನ್ನು ಗಂಡ ಬಂದು ಹೇಳುವುದು, ಹೆಂಡತಿ ಅದಕ್ಕೊಂದು ತಕರಾರು ತೆಗೆಯುವುದು. ಅಲ್ಲಿ ಮೂರು ಹೊತ್ತೂ ಅನ್ನವಂತೆ ಎಂದರೆ, “ಅನ್ನ ತಿಂದು ಎಷ್ಟ್ ದಿನ ಬದುಕ್ತೀಯ?” ಎಂದು ರಾಗಿ ಬೀಸಲು ಕೂತಳು. ಅಡುಗೆಗೆ ಕೊಬ್ಬರಿ ಎಣ್ಣೆಯಂತೆ ಎಂದಾಗ ಮೂಗು ಮುಚ್ಚಿಕೊಂಡು, ತಲೆಗೆ ಹಚ್ಚುವುದನ್ನು ಬಾಣಲೆಗೆ ಹಾಕುವವರೂ ಉಂಟೇ ಎಂದು ಒಂದು ಸೀಸೆ ಕಡಲೆಕಾಯಿ ಎಣ್ಣೆ ಕಟ್ಟಿಟ್ಟಳು. ಕಾಡಿನಲ್ಲಿ ಜಿಗಣೆ ಹತ್ತುತ್ತದೆ ಎಂದಿದ್ದಕ್ಕೆ ಹೊಗೆಸೊಪ್ಪು ಬಂತು. ಮಳೆಗಾಲವಲ್ಲ ಎಂದರೂ ಕೇಳದೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಕೊಡೆಯನ್ನೂ ತಂದರು. ಕೊಡೆಯನ್ನು ಮನೆಯೊಳಗೇ ಬಿಚ್ಚಿ ಅದರ ಕೆಳಗೆ ಇಬ್ಬರೂ ನಿಂತು ನೋಡಿದರು. ಅಷ್ಟು ದಿನಗಳ ಮೇಲೆ ಕದಿರಮ್ಮ ಬಾಯಿತುಂಬ ನಕ್ಕಳು. ಆ ನಗೆ ನೋಡಿ ಸೀನಪ್ಪನಿಗೆ ಎದೆ ತುಂಬಿ ಬಂತು. ಏನಾದರಾಗಲಿ, ಇವಳನ್ನು ಕರೆದುಕೊಂಡು ಹೋಗಿಯೇ ತೀರಬೇಕೆಂದುಕೊಂಡ.

ಆದರೆ ರಜ ಕೊಡಬೇಕಾದವನು ಜಯರಾಮಪ್ಪ ಮೇಸ್ತ್ರಿ. ಅವನ ಪ್ರಕಾರ ಮನುಷ್ಯ ಊರು ಬಿಡಲು ಮೂರೇ ಕಾರಣ: ಮದುವೆ, ಸಾವು, ದೇವರು. ಒಂದು ಬೆಳಗ್ಗೆ ಲೈನಿನ ನಲ್ಲಿಯ ಹತ್ತಿರ, ಹತ್ತಾರು ಕೊಡಗಳ ಎದುರಿನಲ್ಲೇ, ಸೀನಪ್ಪ ಅವನನ್ನು ಕೇಳಿದ.

“ಮಲಬಾರ್ಗಾ? ಯಾರ್ದ್ಲಾ ಮದ್ವೆ?”

“ಯಾರ್ದೂ ಇಲ್ಲ ಮೇಸ್ತ್ರಣ್ಣ.”

“ಯಾರಾದ್ರೂ ಓಗ್ಬಿಟ್ರಾ?”

“ಇಲ್ಲಣ್ಣ.”

“ಮತ್ತೆ ಯಾವ್ ದೇವ್ರ್ಲಾ ಅಲ್ಲಿರೋದು?”

ಸುಮ್ಮನೆ ನೋಡಿಕೊಂಡು ಬರಲು ಎಂದಿದ್ದರೆ ನಲ್ಲಿಯ ಹತ್ತಿರದ ನಗು ಗಣಿಯ ತಳ ಮುಟ್ಟುತ್ತಿತ್ತು. ಹೆಂಡತಿಯ ನಿದ್ದೆಗೆ ಎಂದಿದ್ದರಂತೂ ಮುಗಿದೇ ಹೋಯಿತು. ಸೀನಪ್ಪನ ಕಿವಿ ಕೆಂಪಾಯಿತು.

“ಅರ್ಕೆ ಐತಣ್ಣ,” ಎಂದುಬಿಟ್ಟ. “ಮರಕ್ಕೆ. ಅವತ್ತು ಮರ ಮಾತಾಡಿ ನನ್ನ ಉಳಿಸ್ತಲ್ಲ... ಅದು ಉಟ್ಟಿದ ಕಾಡ್ಗೆ ಬತ್ತೀನಿ ಅಂತ ಅರ್ಕೆ ಒತ್ತಿದ್ದೆ.”

ಯಾರೂ ನಗಲಿಲ್ಲ. ಕೊಡಗಳ ಸದ್ದು ನಿಂತಿತು. ಮೇಸ್ತ್ರಿ ತಲೆಯ ಟೋಪಿ ತೆಗೆದು, “ಓಗ್ ಬಾ ಕಣ್ಲಾ, ಅರ್ಕೆ ತಪ್ಪಿಸ್ಬಾರ್ದು,” ಎಂದ. ಸಂಕ್ರಾಂತಿ ಕಳೆದ ಮೇಲೆ ಹೋಗುವುದೆಂದೂ ಅವನೇ ತೀರ್ಮಾನ ಕೊಟ್ಟ.

ಸೀನಪ್ಪ ಬಚಾವಾದೆ ಅಂದುಕೊಂಡ. ಎಲ್ಲಿಯ ಬಚಾವು! ನಮ್ಮ ಕಡೆ ಒಬ್ಬರು ಹರಕೆ ತೀರಿಸಲು ಹೊರಟರೆಂದರೆ ಹೋಗಲಾರದವರೆಲ್ಲ ಅವರ ಕೈಯಲ್ಲಿ ಮುಡುಪು ಕಳಿಸುವುದು ವಾಡಿಕೆ. ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಗಂಟುಕಟ್ಟಿ, ಮನಸ್ಸಿನ ಮಾತು ಹೇಳಿ ಕೊಟ್ಟರೆ ಬೇಡವೆನ್ನುವ ಹಾಗಿಲ್ಲ. ತಿರುಪತಿಗಾದರೂ ಮುಡುಪು ಕಳಿಸಬಹುದು, ಬೆಟ್ಟ ಅಲ್ಲೇ ಇದೆ. ಆದರೆ ಗಂಡನ ತಲೆಯ ಮೇಲೆ ದಿನಾ ನಿಂತು ಕಾಯುವ ಮರದ ತವರಿಗೆ ಹೋಗುವವರು ಮತ್ತೆ ಸಿಗುತ್ತಾರೆಯೇ? ಅವತ್ತೇ ಸಂಜೆಯಿಂದ ಹೆಂಗಸರು ಬರತೊಡಗಿದರು. ತಮಿಳಿನವರು ಬಂದರು, ತೆಲುಗಿನವರು ಬಂದರು, ಯಾವತ್ತೋ ಕದಿರಮ್ಮನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳೂ ಬಂದಳು. ಒಬ್ಬೊಬ್ಬರೂ ತಮ್ಮ ಗಂಡನ, ಮಗನ, ತಮ್ಮನ ಹೆಸರು ಹೇಳಿ ಗಂಟು ಕೊಟ್ಟರು. ಮೂಲೆಯ ಮೊರ ಹಳದಿಯಾಗಿ ತುಂಬಿತು.

ಕದಿರಮ್ಮ ಮೊರದ ಮುಂದೆ ಕೂತು ಗಂಡನನ್ನು ನೋಡಿದಳು.

“ನೀನು ಯಾವಾಗ ಒತ್ತಿದ್ದೆ ಅರ್ಕೆ?”

ಸೀನಪ್ಪ ಜಾರಿಬಿದ್ದಿದ್ದ ಒಂದು ಗಂಟನ್ನು ಎತ್ತಿ ಮೊರಕ್ಕೆ ಹಾಕಿದ.

“ನನ್ ನಿದ್ದೆಗೋಸ್ಕರ ಇಷ್ಟ್ ಜನದ ಉಸುರು ಒತ್ಕೊಂಡೋಗೋದಾ? ಇಲ್ದಿರೋ ದೇವ್ರಿಗೆ? ನಂಗೆ ಕಡ್ಲೂ ಬ್ಯಾಡ, ಏನೂ ಬ್ಯಾಡ. ಬೆಳಿಗ್ಗೆ ಎಲ್ಲಾರ್ಗೂ ನಿಜ ಏಳಿ ವಾಪಸ್ ಕೊಟ್ಬಿಡು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. ಹೇಳುತ್ತೇನೆಂದು ಒಪ್ಪಿಕೊಂಡ. ನಗಲಿ, ಉಗಿಯಲಿ, ಹೇಳಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿದ.

ಬೆಳಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಮುನಿಶಾಮಮ್ಮ ಕೂತಿದ್ದಳು. ಕೊನೆಯ ಮನೆಯವಳು. ಅವಳ ಗಂಡ ಆಂಜಿನಪ್ಪ ಇದೇ ಗ್ಯಾಂಗಿನವನು. ಹಿಂದಿನ ವರ್ಷ ಬಂಡೆ ಕುಸಿದು ಕೆಳಗೇ ಉಳಿದುಹೋಗಿದ್ದ. ಅವನ ಜೊತೆ ಪಕ್ಕದಲ್ಲಿ ಕೆಲಸ ಮಾಡಿದ್ದವನು ಸೀನಪ್ಪ. ಅವತ್ತು ಸೀನಪ್ಪನದು ಬೇರೆ ಪಾಳಿ ಇತ್ತು, ಅಷ್ಟೇ. ಆಮೇಲಿನಿಂದ ಮುನಿಶಾಮಮ್ಮ ಯಾವ ದೇವರಿಗೂ ಕೈ ಮುಗಿದದ್ದನ್ನು ಯಾರೂ ನೋಡಿರಲಿಲ್ಲ. ಈಗ ಅವಳ ಕೈಯಲ್ಲೂ ಒಂದು ಹಳದಿ ಗಂಟು.

“ಅಣ್ಣಾ, ಒಂದ್ ಮಾತು ಕೇಳ್ಕೊಂಡ್ ಬತ್ತೀಯಾ?”

“ಏನಮ್ಮಾ?”

“ನಿಂಗೆ ಏಳ್ತಲ್ಲ ಮರ, ಓಡು ಅಂತ. ನಮ್ಮನೆಯೋರ್ಗೆ ಯಾಕ್ ಏಳ್ಲಿಲ್ಲ?”

ಬಾಗಿಲ ಹಿಂದೆ ಕದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಕೋಪಕ್ಕೆ ಕೇಳ್ತಿಲ್ಲ ಅಣ್ಣಾ. ಏಳಿರ್ತದೆ, ಆ ಗಲಾಟೇಲಿ ಅವ್ರಿಗೆ ಕೇಳ್ಸಿರಲ್ಲ,” ಎಂದು ಅವಳೇ ಸಮಾಧಾನ ಹೇಳಿಕೊಂಡಳು. “ನನ್ ಮಗ ಬಚ್ಚಪ್ಪ ಬರೋ ತಿಂಗ್ಳು ನಿಮ್ ಗ್ಯಾಂಗ್ಗೇ ಇಳೀತಾನೆ. ಬ್ಯಾಡ ಅಂದೆ, ಕೇಳ್ಲಿಲ್ಲ. ಅವ್ನೆಸ್ರು ಏಳಿ, ಅವ್ನಿಗಾದ್ರೂ ಸ್ವಲ್ಪ ಜೋರಾಗಿ ಕೂಗು ಅಂತ ಏಳ್ಬಿಟ್ ಬಾ.”

ಗಂಟನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ, ಎದ್ದು ಹೋದಳು.

ಸೀನಪ್ಪ ಒಳಗೆ ಬಂದ. ನಿಜ ಹೇಳುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಕದಿರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, “ಈ ಗಂಟು ಬ್ಯಾರೆ ಇಡು, ಬೆರೀಬಾರ್ದು,” ಎಂದಳು.

ಸಂಕ್ರಾಂತಿ ಮುಗಿಸಿ ಹೊರಟರು. ಲೈನಿನವರು ಮಾರಿಕುಪ್ಪಂ ಸ್ಟೇಷನ್ನಿನವರೆಗೆ ಬಂದು ಹೂವು ಕೊಟ್ಟು ಕಳಿಸಿದರು. ಬಂಗಾರಪೇಟೆಯಲ್ಲಿ ಇಳಿದು, ಜೋಲಾರ್‌ಪೇಟೆಯಲ್ಲಿ ಮತ್ತೆ ರೈಲು ಬದಲಾಯಿಸಿ, ಮಲಬಾರ್ ಮುಟ್ಟುವಾಗ ಕಟ್ಟಿಕೊಂಡಿದ್ದ ರೊಟ್ಟಿ ಗಟ್ಟಿಯಾಗಿತ್ತು, ಸೊಂಟ ಬಿದ್ದುಹೋಗಿತ್ತು.

ಪುಳಿಕಡವಿನಲ್ಲಿ ಸಂಜೆ ಕಡಲ ದಂಡೆಗೆ ಹೋದರು. ಕದಿರಮ್ಮ ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾಲಿಗೆಗೆ ಹಚ್ಚಿ ಥೂ ಎಂದಳು. ಇಷ್ಟು ನೀರಿದ್ದೂ ಒಂದು ಗದ್ದೆಗೂ ಆಗಲ್ಲವಲ್ಲ ಎಂದು ಕಡಲಿನ ಮೇಲೆ ಕನಿಕರಪಟ್ಟಳು. ಆಮೇಲೆ ಮರಳಿನ ಮೇಲೆ ಕೂತು, ಏನೋ ಹೇಳುತ್ತಿದ್ದವಳು ಮಾತಿನ ನಡುವೆಯೇ ಗಂಡನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದಳು. ಮೀನುಗಾರರು ನೋಡುತ್ತಾ ಹೋದರು. ಬಾಯಿ ತೆರೆದುಕೊಂಡು, ಮಗುವಿನ ಹಾಗೆ, ಅಂಥ ನಿದ್ದೆ. ಸೀನಪ್ಪ ಕಾಲಿಗೆ ಜೋಮು ಹಿಡಿದರೂ ಅಲ್ಲಾಡಲಿಲ್ಲ. ಬಂದ ಕೆಲಸ ಆಯಿತೆಂದು ಅವನಿಗೆ ಅನಿಸಬೇಕಾಗಿತ್ತು. ಅನಿಸಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಆ ಒಂದು ಗಂಟು ಒತ್ತುತ್ತಲೇ ಇತ್ತು.

ಮರುದಿನ ಕಾಕಾನ ಭಾವ ಅವರನ್ನು ಕಾಡಿಗೆ ಕರೆದುಕೊಂಡು ಹೋದ. ಮರ ಕಡಿಸುವ ಕೆಲಸದವನು, ಅವನಿಗೂ ಇವರಿಗೂ ತಮಿಳು ಬರುತ್ತಿತ್ತು. ಸೀನಪ್ಪ ಜೀವಮಾನವೆಲ್ಲ ಮರವನ್ನು ತಬ್ಬಿ ಎತ್ತಿ ನಿಲ್ಲಿಸಿದ್ದವನು, ಆದರೆ ಅವೆಲ್ಲ ತುಂಡುಗಳು. ಇಲ್ಲಿ ನಿಂತ ಮರದ ತುದಿ ನೋಡಲು ಹೋಗಿ ತಲೆಯ ರುಮಾಲು ಹಿಂದಕ್ಕೆ ಬಿತ್ತು. ಹಗಲಿನಲ್ಲೂ ಮಬ್ಬು, ಎಲೆಯಿಂದ ಎಲೆಗೆ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಗಣಿಯೊಳಗಿನ ಹಾಗೆಯೇ ತೇವ, ಅದೇ ಮರದ ವಾಸನೆ. ಅವನಿಗೆ ಹೊಸ ಜಾಗ ಅನ್ನಿಸಲೇ ಇಲ್ಲ.

ಮುಡುಪಿನ ವಿಷಯ ಕೇಳಿ ಆ ಮನುಷ್ಯ ನಗಲಿಲ್ಲ. ಒಂದು ದೊಡ್ಡ ಹಳೆಯ ಮರದ ಹತ್ತಿರ ನಿಲ್ಲಿಸಿದ. ಕೆಳಗೆ ಕುಂಕುಮ ಹಚ್ಚಿದ ಕಲ್ಲುಗಳಿದ್ದವು. “ಇದನ್ನು ಯಾರೂ ಕಡಿಯಲ್ಲ. ದೇವರ ಮರ. ಇಲ್ಲಿ ಕಟ್ಟಿ, ನೂರು ವರ್ಷ ಇರುತ್ತೆ,” ಎಂದ.

ಕದಿರಮ್ಮ ಒಂದೊಂದೇ ಹೆಸರು ಹೇಳಿ ಲೈನಿನವರ ಗಂಟುಗಳನ್ನೆಲ್ಲ ಅದರ ಬಳ್ಳಿಗಳಿಗೆ ಕಟ್ಟಿದಳು. ಕೊನೆಗೆ ಗಂಡನ ಕಡೆ ಕೈ ಚಾಚಿದಳು. ಸೀನಪ್ಪ ಮುನಿಶಾಮಮ್ಮನ ಗಂಟು ಕೊಡಲಿಲ್ಲ.

“ಇದು ಇಲ್ಲೇ ನಿಂತಿರ್ತದೆ,” ಎಂದ. “ಬಚ್ಚಪ್ಪ ಅಲ್ಲಿರ್ತಾನೆ.”

ಕಾಕಾನ ಭಾವನ ಕಡೆ ತಿರುಗಿ, ನಮ್ಮೂರಿಗೆ ಬರುವ ಮರ ಯಾವುದು ಎಂದು ಕೇಳಿದ. ಅವನು ಇಳಿಜಾರಿನ ಕಡೆ ಕೈ ತೋರಿದ. ಅಲ್ಲಿ ಸಾಲಾಗಿ ನಿಂತ ನೆಟ್ಟನೆಯ ಮರಗಳ ಬುಡದಲ್ಲಿ ತೊಗಟೆ ಕೆತ್ತಿ, ಕಡಿಯುವುದಕ್ಕೆಂದು ಗುರುತು ಹಾಕಿದ್ದರು. ದೂರದಲ್ಲಿ ಕೊಡಲಿ ಆಡುತ್ತಿತ್ತು.

ಸೀನಪ್ಪ ಇಳಿದು ಹೋಗಿ ಒಂದು ಮರವನ್ನು ಆರಿಸಿದ. ಕಂಬ ಆರಿಸುವವನ ಕೈ ಅದು. ತಟ್ಟಿ ನೋಡಿತು, ಕಿವಿಯಿಟ್ಟು ಕೇಳಿತು, ಇದೇ ಸರಿ ಎಂದಿತು. ಗಂಟನ್ನು ಗುರುತಿನ ಮೇಲೆಯೇ ಕಟ್ಟಿದ. ಆಮೇಲೆ ತೊಗಟೆಗೆ ಬಾಯಿ ತಾಗಿಸಿ, ಕೆಳಗೆ ಸದ್ದಿನ ನಡುವೆ ಒಬ್ಬರಿಗೊಬ್ಬರು ಕೇಳಿಸಲು ಕೂಗುತ್ತಾರಲ್ಲ, ಹಾಗೆ ಕೂಗಿದ:

“ಬಚ್ಚಪ್ಪ ಅಂತ ಅವ್ನೆಸ್ರು! ಆಂಜಿನಪ್ಪನ ಮಗ! ನಂಗೆ ಏಳ್ದಂಗೆ ಅವ್ನಿಗೂ ಏಳು! ಜೋರಾಗಿ ಏಳು, ಅವ್ನು ಇನ್ನೂ ಉಡುಗ!”

ಅವನ ಕಿವಿ ಕೆಂಪಾಗಿರಲಿಲ್ಲ. ಕಣ್ಣು ಕೆಂಪಾಗಿತ್ತು. ಕದಿರಮ್ಮ ಹತ್ತಿರ ಬಂದು, ಗಂಡನ ಪಕ್ಕದಲ್ಲಿ ಮರಕ್ಕೆ ಹಣೆ ಹಚ್ಚಿ, ತಾನೂ ಅದೇ ಹೆಸರನ್ನು ಒಂದು ಸಲ ಹೇಳಿದಳು.